ಗುಡಿಯ ಕತ್ತಲು, ರೀಲಿನ ಸಾಕ್ಷಿ

ಹಳೆಯ ದೇವಾಲಯಗಳ ಒಳಾಂಗಣವನ್ನು ಫಿಲ್ಮಿನ ಮೇಲೆ ಹಿಡಿಯುವುದು ಹೇಗೆ, ಅದು ಏಕೆ ಬೇಕು ಎಂಬುದನ್ನು ಕುರಿತ ಉಪನ್ಯಾಸದ ಬರಹ ರೂಪ



ಪಾವಗಡ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಗಳಿಗೆ ಲೆಕ್ಕವಿಲ್ಲ. ಆದರೆ ಬಿಸಿಲಿಗೆ ಮಾತ್ರ ಇಲ್ಲಿ ಎಂದೂ ಬರ ಬಂದಿಲ್ಲ. ಆ ಬಿಸಿಲನ್ನೇ ನಂಬಿ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಸೇರಿದಂತೆ 5 ಹಳ್ಳಿಗಳ ಸುಮಾರು 13 ಸಾವಿರ ಎಕರೆ ನೆಲದಲ್ಲಿ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಜಗತ್ತಿನ ದೊಡ್ಡ ಸೌರ ಪಾರ್ಕುಗಳ ಸಾಲಿನಲ್ಲಿ ಇದರ ಹೆಸರೂ ಇದೆ.

ಅದೇ ಹೋಬಳಿಯ ಕೇಂದ್ರವಾದ ನಾಗಲಮಡಿಕೆಯಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ, ಸುಬ್ರಹ್ಮಣ್ಯಸ್ವಾಮಿಯ ಗುಡಿ ಇದೆ. ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ ಸುಬ್ರಹ್ಮಣ್ಯ, ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ ಎಂದು ಭಕ್ತರು ಎಣಿಸುತ್ತಾರೆ. ಇಲ್ಲಿ ಸ್ವಾಮಿ ಇರುವುದು ನಾಗರೂಪದಲ್ಲಿ. ಗಡಿನಾಡಿನ ತೆಲುಗಿನಲ್ಲಿ ಮಡಕ ಎಂದರೆ ನೇಗಿಲು. ಉಳುವಾಗ ನೇಗಿಲ ಮೊನೆಗೆ ನಾಗಶಿಲೆ ದೊರೆತುದರಿಂದಲೇ ಊರಿಗೆ ಈ ಹೆಸರು ಬಂತೆಂಬುದು ಸ್ಥಳದ ಐತಿಹ್ಯ. ಮಣ್ಣಿನ ಕತ್ತಲೆಯಿಂದ ಬೆಳಕಿಗೆ ಬಂದ ದೇವರು ಮತ್ತೆ ಗರ್ಭಗುಡಿಯ ಕತ್ತಲೆಯಲ್ಲಿ ನೆಲೆಯಾದ ಕಥೆ ಇದು.

ಕಣ್ಣು ಕುಕ್ಕುವ ಬಿಸಿಲಿನಿಂದ ಇಂಥ ಹಳೆಯ ಗುಡಿಯೊಂದರ ಹೊಸ್ತಿಲು ದಾಟಿ ಹತ್ತು ಹೆಜ್ಜೆ ಒಳಗಿಟ್ಟವರಿಗೆ ಮೊದಲು ಏನೂ ಕಾಣುವುದಿಲ್ಲ. ಎರಡು ನಿಮಿಷ ನಿಂತರೆ ಕಂಬಗಳು ಕಾಣುತ್ತವೆ. ಇನ್ನೂ ಸ್ವಲ್ಪ ಹೊತ್ತು ಕಳೆದರೆ ಛಾವಣಿಯ ಕಮಲ, ಬಾಗಿಲವಾಡದ ದ್ವಾರಪಾಲಕರು ಒಬ್ಬೊಬ್ಬರಾಗಿ ಮೈದೋರುತ್ತಾರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾದೊಳಗಿನ ಫಿಲ್ಮಿಗೆ ಆ ಶಕ್ತಿ ಇಲ್ಲ. ಅದು ಬೆಳಕಿಗಾಗಿ ಕಾಯಬೇಕು, ಅದನ್ನು ಇಟ್ಟವನೂ ಕಾಯಬೇಕು.

ಹೀಗೆ ಕಾಯುವುದು ಹವ್ಯಾಸಿಗಳ ಕಸರತ್ತು ಮಾತ್ರವಾಗಿದ್ದರೆ ಅದಕ್ಕೆ ಇಷ್ಟು ಮಾತು ಬೇಕಾಗಿರಲಿಲ್ಲ. ಕದ್ದೊಯ್ದ ವಿಗ್ರಹ ಯಾವ ಊರಿನದು, ಒಡೆದ ಶಿಲ್ಪ ಮೊದಲು ಹೇಗಿತ್ತು, ಸುಣ್ಣದ ಪದರದಡಿ ಮುಚ್ಚಿಹೋದ ಕೆತ್ತನೆ ಯಾವುದು ಎಂಬ ಪ್ರಶ್ನೆ ಎದ್ದಾಗ ಉತ್ತರ ಹೇಳಿರುವುದು ಅನೇಕ ಸಲ ಇಂಥದೊಂದು ಹಳೆಯ ಫೋಟೊ. ಆದ್ದರಿಂದ ಈ ಕೆಲಸದ ಕಷ್ಟ, ಚರಿತ್ರೆ ಮತ್ತು ಪ್ರಯೋಜನ ಮೂರನ್ನೂ ತಿಳಿಯುವುದು ಒಳ್ಳೆಯದು.

ಕತ್ತಲು ಬೇಕೆಂದೇ ಕಟ್ಟಿದ್ದು

ದೇವಾಲಯದ ಕತ್ತಲು ಕಟ್ಟುವವರ ಅಸಾಮರ್ಥ್ಯದಿಂದ ಬಂದದ್ದಲ್ಲ. ಮುಖಮಂಟಪ, ನವರಂಗ, ಸುಕನಾಸಿ, ಗರ್ಭಗೃಹ ಎಂಬ ಕ್ರಮದಲ್ಲಿ ಒಳಹೋದಂತೆ ಬಾಗಿಲು ಕಿರಿದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಗರ್ಭಗುಡಿಗೆ ಸಾಮಾನ್ಯವಾಗಿ ಕಿಟಕಿಯೇ ಇರುವುದಿಲ್ಲ. ನಂದಾದೀಪದ ಮಂದ ಬೆಳಕಿನಲ್ಲಿ ಅಸ್ಪಷ್ಟವಾಗಿದ್ದ ಮೂರ್ತಿ ಮಂಗಳಾರತಿ ಎತ್ತಿದಾಗ ಒಂದು ಕ್ಷಣ ಪೂರ್ತಿ ಕಾಣುತ್ತದೆ. ದರ್ಶನ ಎಂಬ ಮಾತಿನ ಅರ್ಥವೇ ಆ ಕ್ಷಣದಲ್ಲಿದೆ.

ಯೂರೋಪಿನ ಮಧ್ಯಯುಗದ ಚರ್ಚುಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಎತ್ತರದ ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಇಳಿಯುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಇವಾನ್ಸ್ ಎಂಬ ಛಾಯಾಗ್ರಾಹಕ ಪುಸ್ತಕದ ಅಂಗಡಿ ಬಿಟ್ಟು ಚರ್ಚುಗಳ ಒಳಾಂಗಣದ ಬೆನ್ನು ಹತ್ತಿದವನು. ಒಂದೇ ಕಟ್ಟಡದಲ್ಲಿ ದಿನಗಟ್ಟಲೆ ಉಳಿದು ಬೆಳಕು ಯಾವ ಹೊತ್ತಿಗೆ ಯಾವ ಕಂಬದ ಮೇಲೆ ಬೀಳುತ್ತದೆಂದು ನೋಡಿಕೊಳ್ಳುತ್ತಿದ್ದ. ಸಾಲಾಗಿಟ್ಟ ಕುರ್ಚಿಗಳನ್ನು ತೆಗೆಸಿ ನೆಲವನ್ನು ಖಾಲಿ ಮಾಡಿಸುತ್ತಿದ್ದ. 1903ರಲ್ಲಿ ವೆಲ್ಸ್ ಕೆಥೆಡ್ರಲಿನ ಸವೆದ ಕಲ್ಲುಮೆಟ್ಟಿಲುಗಳನ್ನು ಅವನು ತೆಗೆದ ಚಿತ್ರ ಇಂದಿಗೂ ಪ್ರಸಿದ್ಧವಾಗಿದೆ.

ಶಿರಾದ ಜುಮ್ಮಾ ಮಸೀದಿಯಂಥ ಕಟ್ಟಡಗಳಲ್ಲೂ ಛಾಯಾಗ್ರಾಹಕನ ಕಷ್ಟ ಅಷ್ಟಿಲ್ಲ. 1696ರ ಈ ಮಸೀದಿಯ ಪ್ರಾರ್ಥನಾ ಸಭಾಂಗಣ ಪೂರ್ವದ ಕಡೆಗೆ ಕಮಾನುಗಳಿಂದ ತೆರೆದುಕೊಂಡಿರುವುದರಿಂದ ಬೆಳಗಿನ ಬೆಳಕು ಒಳಗೋಡೆಯವರೆಗೂ ಹರಿದು ಬರುತ್ತದೆ. ಪಾವಗಡ, ಶಿರಾ ಸೀಮೆಗೆ ಅಂಟಿಕೊಂಡೇ ಇರುವ ಆಂಧ್ರದ ಹೇಮಾವತಿ ನೊಳಂಬರ ರಾಜಧಾನಿ. ಕನ್ನಡ ಶಾಸನಗಳಲ್ಲಿ ಬರುವ ಹೆಂಜೇರು ಇದೇ. ಅಲ್ಲಿನ ದೊಡ್ಡೇಶ್ವರ ಗುಡಿಯಲ್ಲಿ ಕಲ್ಲನ್ನೇ ಕೊರೆದು ಬಳ್ಳಿ, ಮೂರ್ತಿಗಳನ್ನು ಬಿಡಿಸಿದ ಜಾಲಂಧ್ರಗಳಿವೆ. ಕಿಟಕಿಯೂ ಅದೇ, ಶಿಲ್ಪವೂ ಅದೇ. ಆದರೆ ಇಂಥ ಗುಡಿಗಳು ವಿರಳ. ಹೆಚ್ಚಿನ ಹಳ್ಳಿಗಳ ಕಲ್ಲುಗುಡಿಗಳಲ್ಲಿ ಬೆಳಕಿಗೆ ಇರುವ ದಾರಿ ಒಂದೇ ಬಾಗಿಲು.

ಬೆಳಕಿನ ಲೆಕ್ಕ

ಈ ಕತ್ತಲು ಎಷ್ಟು ಎಂಬುದನ್ನು ಲೆಕ್ಕದಲ್ಲಿಯೇ ಹೇಳಬಹುದು. ಫೋಟೊ ತೆಗೆಯುವವರ ಒಂದು ಹಳೆಯ ಸೂತ್ರವಿದೆ. ನೆತ್ತಿಯ ಮೇಲೆ ನಿಚ್ಚಳ ಬಿಸಿಲಿದ್ದಾಗ 100 ವೇಗದ ಫಿಲ್ಮಿಗೆ ಲೆನ್ಸಿನ ರಂಧ್ರವನ್ನು 16ಕ್ಕೆ ಇಟ್ಟು, ಸೆಕೆಂಡಿನ 125ರಲ್ಲಿ ಒಂದು ಭಾಗದಷ್ಟು ಹೊತ್ತು ಬೆಳಕು ಬಿಟ್ಟರೆ ಸಾಕು. ಬೆಳಕು ಅರ್ಧಕ್ಕೆ ಇಳಿದರೆ ಹೊತ್ತನ್ನು ಎರಡು ಪಟ್ಟು ಮಾಡಬೇಕು. ಹೀಗೆ ಅರ್ಧವಾಗುವ ಒಂದೊಂದು ಹಂತಕ್ಕೂ ಫೋಟೊಗ್ರಾಫರು ಸ್ಟಾಪ್ ಎನ್ನುತ್ತಾರೆ.

ನವರಂಗದ ಒಳಗೆ ಬೆಳಕು ಇಂಥ 11 ಹಂತ ಕೆಳಗಿಳಿದಿದೆ ಎಂದಿಟ್ಟುಕೊಳ್ಳಿ. ಎರಡನ್ನು ಹನ್ನೊಂದು ಸಲ ಗುಣಿಸಿದರೆ 2,048. ಅಂದರೆ ಹೊರಗೆ ಬೀಳುವ ಬೆಳಕಿನ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗಿದೆ. ಹೊರಗೆ ಸೆಕೆಂಡಿನ 125ರಲ್ಲಿ ಒಂದು ಭಾಗ ಸಾಕಾಗಿದ್ದ ಚಿತ್ರಕ್ಕೆ ಒಳಗೆ ಸುಮಾರು 16 ಸೆಕೆಂಡು ಬೇಕು. ಯಾವ ಕೈಯೂ ಅಷ್ಟು ಹೊತ್ತು ಅಲುಗದೆ ಇರಲಾರದು. ಆದ್ದರಿಂದಲೇ ಒಳಾಂಗಣದ ಚಿತ್ರಕ್ಕೆ ಕ್ಯಾಮೆರಾಕ್ಕಿಂತ ಮೊದಲು ಬೇಕಾದದ್ದು ಗಟ್ಟಿಯಾದ ಮೂರು ಕಾಲಿನ ಸ್ಟ್ಯಾಂಡು.

ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಬೆಳಕು ತೀರ ಕಡಿಮೆಯಾದಾಗ ಫಿಲ್ಮು ಸೋಮಾರಿಯಾಗುತ್ತದೆ. ಬೆಳ್ಳಿಯ ಲವಣದ ಕಣಕ್ಕೆ ಬೆಳಕು ಹನಿಹನಿಯಾಗಿ ಬಿದ್ದರೆ, ಮೊದಲ ಹನಿಯ ಗುರುತು ಎರಡನೆಯದು ಬರುವಷ್ಟರಲ್ಲಿ ಅಳಿಸಿಹೋಗುತ್ತದೆ. ಹೀಗಾಗಿ ಮೀಟರು ತೋರಿಸಿದ ಹೊತ್ತು ಸಾಲುವುದಿಲ್ಲ. ಪತ್ರಿಕೆಗಳ ಫೋಟೊಗ್ರಾಫರು ದಶಕಗಳ ಕಾಲ ನೆಚ್ಚಿಕೊಂಡ ಕೊಡಕ್ ಕಂಪನಿಯ ಟ್ರೈ-ಎಕ್ಸ್ ಕಪ್ಪು-ಬಿಳುಪು ಫಿಲ್ಮನ್ನೇ ತೆಗೆದುಕೊಳ್ಳಿ. ಆ ಕಂಪನಿಯ ಪಟ್ಟಿಯ ಪ್ರಕಾರ ಮೀಟರು 1 ಸೆಕೆಂಡು ತೋರಿಸಿದರೆ 2 ಸೆಕೆಂಡು ಕೊಡಬೇಕು. 10 ತೋರಿಸಿದರೆ 50 ಕೊಡಬೇಕು. 100 ತೋರಿಸಿದರೆ 1,200 ಸೆಕೆಂಡು, ಎಂದರೆ 20 ನಿಮಿಷ. ಜೊತೆಗೆ ರೀಲು ತೊಳೆಯುವ ಹೊತ್ತನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು. ಇಲ್ಲದಿದ್ದರೆ ನೆಗೆಟಿವ್‌ನಲ್ಲಿ ಬಾಗಿಲಿನ ಬೆಳಕು ಮಿತಿಮೀರಿ ದಟ್ಟವಾಗಿ, ಪ್ರಿಂಟಿನಲ್ಲಿ ಬರಿಯ ಬಿಳಿ ಮಚ್ಚೆಯಾಗುತ್ತದೆ.

ಈ ದೀರ್ಘ ಹೊತ್ತಿನ ಚಿತ್ರಕ್ಕೆ ಒಂದು ವಿಚಿತ್ರ ಗುಣವಿದೆ. ನಾಲ್ಕೈದು ನಿಮಿಷ ಲೆನ್ಸು ತೆರೆದಿರುವಾಗ ಅರ್ಚಕರು ನವರಂಗದಲ್ಲಿ ಅತ್ತಿಂದಿತ್ತ ಓಡಾಡಿದರೂ ಚಿತ್ರದಲ್ಲಿ ಅವರ ಸುಳಿವೇ ಇರುವುದಿಲ್ಲ. ನಿಂತಿರುವ ಕಂಬ ಮೂಡುತ್ತದೆ, ನಡೆಯುವ ಮನುಷ್ಯ ಮಾಯವಾಗುತ್ತಾನೆ. ಹತ್ತೊಂಬತ್ತನೆಯ ಶತಮಾನದ ಫೋಟೊಗಳಲ್ಲಿ ನಮ್ಮ ದೇವಾಲಯಗಳು ಜನರಿಲ್ಲದ ಪಾಳುಗಳಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಪೂಜೆ ನಿಂತಿತ್ತೆಂದು ಚಿತ್ರವೊಂದನ್ನೇ ನೋಡಿ ತೀರ್ಮಾನಿಸಿದರೆ ಮೋಸ ಹೋಗಬೇಕಾಗುತ್ತದೆ.

ದೀಪ ಕಾಣದ ಕಾಗದ

ಕರ್ನಾಟಕದ ದೇವಾಲಯಗಳ ಮುಂದೆ ಕ್ಯಾಮೆರಾ ಬಂದದ್ದು 1850ರ ದಶಕದಲ್ಲಿ. 1854ರಲ್ಲಿ ಮದರಾಸು ಸೇನೆಯ ಲಿನಿಯಸ್ ಟ್ರೈಪ್ ಮತ್ತು ವೈದ್ಯ ನೀಲ್ ಹಳೇಬೀಡು, ಬೇಲೂರುಗಳಲ್ಲಿ ಚಿತ್ರ ತೆಗೆದರು. 1855ರಲ್ಲಿ ಬೊಂಬಾಯಿ ಸರ್ಕಾರ ಫಿರಂಗಿ ಪಡೆಯ ಅಧಿಕಾರಿ ಬಿಗ್ಸ್‌ನನ್ನು ಸ್ಮಾರಕಗಳ ಚಿತ್ರ ತೆಗೆಯಲು ನೇಮಿಸಿತು. ಅವನ ನಂತರ ಆ ಕೆಲಸ ಪಿಗೌ ಎಂಬ ವೈದ್ಯನಿಗೆ ಬಂತು. ನೀಲ್, ಬಿಗ್ಸ್, ಪಿಗೌ ಈ ಮೂವರ ಚಿತ್ರಗಳು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುವನ್ನು ಕುರಿತ ದೊಡ್ಡ ಗ್ರಂಥವಾಗಿ, ಮೆಡೋಸ್ ಟೇಲರನ ಬರಹದೊಡನೆ, 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿ ಹಂಪೆಯನ್ನು ಚಿತ್ರಿಸಿದ.

ಈ ಸಂಗ್ರಹಗಳಲ್ಲಿ ಬಹುಪಾಲು ಹೊರಗೋಡೆಗಳೇ ಇರುವುದನ್ನು ಗಮನಿಸಬೇಕು. ಆಗ ನೆಗೆಟಿವ್ ಆಗಿ ಬಳಕೆಯಲ್ಲಿದ್ದದ್ದು ಬೆಳ್ಳಿಯ ಲವಣ ಸವರಿದ ಕಾಗದ. ಅದು ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು. ಎಣ್ಣೆದೀಪದ ಬೆಳಕು ಹಳದಿ-ಕೆಂಪು ಬಣ್ಣದ್ದು. ಮನುಷ್ಯನ ಕಣ್ಣಿಗೆ ಗರ್ಭಗುಡಿಯನ್ನು ತೋರಿಸುವ ನಂದಾದೀಪ ಆ ಕಾಗದದ ಪಾಲಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಂಬಕ್ಕೆ ಹಚ್ಚಿದ ಕುಂಕುಮ ಅದರ ಮೇಲೆ ಕಪ್ಪಾಗಿ ಮೂಡುತ್ತಿತ್ತು, ಅರಿಸಿನವೂ ಕಪ್ಪಿಗೆ ತಿರುಗುತ್ತಿತ್ತು. ಹೀಗಿದ್ದರೂ ಟ್ರೈಪ್ 1858ರಲ್ಲಿ ಮದುರೆಯ ಪುದು ಮಂಟಪದ ಕಂಬಸಾಲಿನ ಒಳಭಾಗವನ್ನು ಹಿಡಿದ. ಅಲ್ಲಿ ಕಂಬಗಳ ನಡುವಿನಿಂದ ಹಗಲಿನ ಬೆಳಕು ಬರುತ್ತಿದ್ದುದರಿಂದ ಅದು ಸಾಧ್ಯವಾಯಿತು.

ಅದೇ ಕಾಲದಲ್ಲಿ ಬೇರೆಡೆ ಕತ್ತಲೆಗೆ ಕೃತಕ ಬೆಳಕು ಒಯ್ಯುವ ಪ್ರಯತ್ನ ನಡೆದಿತ್ತು. 1861ರಲ್ಲಿ ಪ್ಯಾರಿಸ್ಸಿನ ನಾದಾರ್ ಎಂಬಾತ ನಗರದ ನೆಲದಡಿಯ ಶವಾಗಾರಗಳನ್ನು ಬ್ಯಾಟರಿಯ ವಿದ್ಯುದ್ದೀಪದಿಂದ ಚಿತ್ರಿಸಿದ. ಒಂದೊಂದು ಚಿತ್ರಕ್ಕೆ 18 ನಿಮಿಷದವರೆಗೂ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕೆಲಸಗಾರರು ಅಲುಗದೆ ನಿಲ್ಲಲಾರದೆ ಅವರ ಬದಲು ಬೊಂಬೆಗಳನ್ನು ನಿಲ್ಲಿಸಿದ. 1865ರಲ್ಲಿ ಪಿಯಾಟ್ಸಿ ಸ್ಮಿತ್ ಎಂಬ ಖಗೋಳಜ್ಞ ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗೆ ಮೆಗ್ನೀಸಿಯಂ ಉರಿಸಿ ಚಿತ್ರ ತೆಗೆದ. ಬೆಳಕೇನೋ ಬಂತು, ಅದರ ಜೊತೆಗೆ ಬಿಳಿಯ ಹೊಗೆಯೂ ಬಂತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಪ್ಲೇಟಿನ ಲೇಪಕ್ಕೆ ಬಣ್ಣ ಬೆರೆಸಿದರೆ ಅದು ನೀಲಿಯಲ್ಲದ ಬೆಳಕನ್ನೂ ಗ್ರಹಿಸುತ್ತದೆಂದು ಕಂಡುಹಿಡಿದ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಲ್ಲ ಬಣ್ಣವನ್ನೂ ಕಾಣುವ ಪ್ಲೇಟುಗಳು ಮಾರುಕಟ್ಟೆಗೆ ಬಂದವು. ದೀಪದ ಬೆಳಕು ಕ್ಯಾಮೆರಾಕ್ಕೆ ನಿಜವಾಗಿ ಕಾಣತೊಡಗಿದ್ದು ಆಮೇಲೆ.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಕ್ರಮಬದ್ಧವಾದದ್ದು ಆರ್. ನರಸಿಂಹಾಚಾರ್ಯರ ಕಾಲದಲ್ಲಿ. 'ಕರ್ನಾಟಕ ಕವಿಚರಿತೆ'ಯ ಕರ್ತೃವೆಂದೇ ಕನ್ನಡಿಗರಿಗೆ ಪರಿಚಿತರಾದ ಅವರು 1906ರಿಂದ 1922ರವರೆಗೆ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ಇಲಾಖೆಯ ವಾರ್ಷಿಕ ವರದಿಗಳಲ್ಲಿ ಶಾಸನಗಳ ಜೊತೆ ಫೋಟೊ ಪುಟಗಳೂ ಸೇರಿದವು. ಸೋಮನಾಥಪುರವನ್ನು ಕುರಿತು 1917ರಲ್ಲಿ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯನ್ನು ಕುರಿತು 1919ರಲ್ಲಿ ಸಚಿತ್ರ ಪುಸ್ತಕಗಳು ಹೊರಬಂದವು.

ಬೆಳಕನ್ನು ಒಳಗೆ ಕರೆಯುವ ಬಗೆ

ಫ್ಲಾಶ್ ಇರುವಾಗ ಇಷ್ಟು ಪಾಡು ಏಕೆ ಎಂದು ಕೇಳಬಹುದು. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲಾಶ್ ಬೆಳಕನ್ನು ಎದುರಿನಿಂದ ನೇರವಾಗಿ ಎಸೆಯುತ್ತದೆ. ಶಿಲ್ಪ ಬದುಕಿರುವುದು ನೆರಳಿನಲ್ಲಿ. ಎದುರು ಬೆಳಕಿಗೆ ನೆರಳು ಶಿಲ್ಪದ ಬೆನ್ನಿಗೆ ಹೋಗಿ, ಉಬ್ಬು ಕೆತ್ತನೆ ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ. ಮುಂದಿನ ಕಂಬ ಸುಣ್ಣ ಬಳಿದಂತೆ ಬೆಳಗುತ್ತದೆ, ಹಿಂದಿನದು ಕತ್ತಲೆಯಲ್ಲೇ ಉಳಿಯುತ್ತದೆ. ಹೊಯ್ಸಳ ಗುಡಿಗಳ ಕಡೆದು ನುಣುಪು ಮಾಡಿದ ಕಂಬಗಳಲ್ಲಿ ಫ್ಲಾಶಿನ ಪ್ರತಿಬಿಂಬವೇ ಮೂಡಿಬಿಡುತ್ತದೆ. ನೂರಾರು ವರ್ಷದ ಎಣ್ಣೆ, ಹೊಗೆ ಕುಡಿದ ವಿಗ್ರಹಗಳ ಮೈಮೇಲೂ ಹಾಗೆಯೇ.

ಇದಕ್ಕೆ ಅನುಭವಸ್ಥರು ಕಂಡುಕೊಂಡ ಉಪಾಯಗಳು ಸರಳವಾಗಿವೆ. ಮೊದಲನೆಯದು ಹೊತ್ತು ನೋಡುವುದು. ಪೂರ್ವಕ್ಕೆ ಬಾಗಿಲಿರುವ ಗುಡಿಯಲ್ಲಿ ಬೆಳಗಿನ ಎಳೆ ಬಿಸಿಲು ಓರೆಯಾಗಿ ಒಳಗೆ ಬಂದು ನೆಲದ ಮೇಲೆ ಬೀಳುತ್ತದೆ. ಆ ನೆಲವೇ ಬೆಳಕನ್ನು ಛಾವಣಿಗೆ ಎತ್ತಿ ಕೊಡುತ್ತದೆ. ಅದಾದ ಒಂದೆರಡು ಗಂಟೆಯಲ್ಲಿ ಆ ಅವಕಾಶ ಮುಗಿಯುತ್ತದೆ.

ಎರಡನೆಯದು ಬಿಸಿಲನ್ನು ಕನ್ನಡಿಯಿಂದ ತಿರುಗಿಸುವುದು. ಅಜಂತಾದ ಗುಹೆಗಳಲ್ಲಿ ಹೊರಗಿನ ಬಿಸಿಲನ್ನು ಕನ್ನಡಿಯಿಂದಲೂ ಹೊಳೆಯುವ ತಗಡಿನಿಂದಲೂ ಒಳಗೆ ತಿರುಗಿಸಿ ಚಿತ್ರಗಳನ್ನು ತೋರಿಸುವ ಪದ್ಧತಿ ಇತ್ತು. ಫೋಟೊಕ್ಕೂ ಇದೇ ದಾರಿ. ಅಂಗಳದಲ್ಲಿ ಒಬ್ಬರು ಕನ್ನಡಿ ಹಿಡಿದು ನಿಲ್ಲಬೇಕು, ಒಳಗೆ ಇನ್ನೊಬ್ಬರು ಒಗೆದ ಬಿಳಿ ಪಂಚೆಯನ್ನು ಬಿಗಿಯಾಗಿ ಹಿಡಿಯಬೇಕು. ಕನ್ನಡಿಯ ಬೆಳಕು ಪಂಚೆಗೆ ಬಡಿದು ಮೆದುವಾಗಿ ಹರಡುತ್ತದೆ. ಪಾವಗಡದಂಥ ಬಿಸಿಲಿನ ನಾಡಿನಲ್ಲಿ ಇದಕ್ಕಿಂತ ಅಗ್ಗದ ದೀಪ ಇನ್ನೊಂದಿಲ್ಲ.

ಮೂರನೆಯದು ಬೆಳಕಿನಿಂದ ಬಳಿಯುವುದು. ಲೆನ್ಸನ್ನು ತೆರೆದಿಟ್ಟು, ಕೈಯಲ್ಲಿ ಟಾರ್ಚ್ ಹಿಡಿದು, ಕಂಬ ಕಂಬಕ್ಕೂ ಪಕ್ಕದಿಂದ ಬೆಳಕು ಸವರುತ್ತ ಹೋಗುವುದು. ಸವರುವವನು ಚಲಿಸುತ್ತಲೇ ಇರುವುದರಿಂದ ಚಿತ್ರದಲ್ಲಿ ಮೂಡುವುದಿಲ್ಲ. ಆದರೆ ಟಾರ್ಚಿನ ಬಾಯಿ ಒಂದು ಕ್ಷಣವೂ ಕ್ಯಾಮೆರಾದ ಕಡೆಗೆ ತಿರುಗಕೂಡದು.

ಬಣ್ಣದ ಫಿಲ್ಮಾದರೆ ಮತ್ತೊಂದು ತೊಡಕು. ಹಗಲಿನ ಬೆಳಕಿಗೆಂದು ತಯಾರಿಸಿದ ಫಿಲ್ಮಿನಲ್ಲಿ ಎಣ್ಣೆದೀಪ ಕಿತ್ತಳೆಯಾಗಿಯೂ ಟ್ಯೂಬ್‌ಲೈಟ್ ಹಸಿರಾಗಿಯೂ ಬರುತ್ತವೆ. ಚಿತ್ರ ತೆಗೆಯುವಷ್ಟು ಹೊತ್ತು ಟ್ಯೂಬ್‌ಲೈಟನ್ನು ಆರಿಸುವಂತೆ ಕೇಳಿಕೊಳ್ಳುವುದೇ ಇದಕ್ಕೆ ಮದ್ದು. ದಾಖಲೆಯ ಕೆಲಸಕ್ಕೆ ಕಪ್ಪು-ಬಿಳುಪು ಹೆಚ್ಚು ಕಾಲ ಬಾಳುತ್ತದೆ. ಭಾರತದಲ್ಲಿಯೇ ಇಂಥ ಫಿಲ್ಮು ತಯಾರಾಗುತ್ತಿದ್ದ ಕಾಲವೊಂದಿತ್ತು. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1967ರಿಂದ 'ಇಂದು' ಹೆಸರಿನ ಫಿಲ್ಮು ತಯಾರಿಸುತ್ತಿತ್ತು. ಅದು ಈಗ ಮುಚ್ಚಿದೆ.

ಛಾವಣಿಯ ವಿಷಯ ಬೇರೆಯೇ. ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣನು ಕಟ್ಟಿಸಿದ ವೀರಭದ್ರ ದೇವಾಲಯದ ಛಾವಣಿಯ ತುಂಬ ವರ್ಣಚಿತ್ರಗಳಿವೆ. ಪಾರ್ವತೀ ಕಲ್ಯಾಣ, ಕಿರಾತಾರ್ಜುನೀಯ ಮೊದಲಾದ ಪ್ರಸಂಗಗಳು ಪಟ್ಟಿ ಪಟ್ಟಿಯಾಗಿ ಸಾಗುತ್ತವೆ. ಅದನ್ನು ಕತ್ತೆತ್ತಿ ತೆಗೆದರೆ ಪಟ್ಟಿಗಳು ಓರೆಯಾಗುತ್ತವೆ. ಕ್ಯಾಮೆರಾವನ್ನು ನೆಲದ ಮೇಲೆ ಬೆನ್ನಡಿಯಾಗಿ ಮಲಗಿಸಿ, ನೀರುಮಟ್ಟದಿಂದ ಸಮ ಮಾಡಿ ತೆಗೆದರೆ ಮಾತ್ರ ನೇರವಾಗಿ ಬರುತ್ತವೆ. ಕಂಬಗಳಿಗೂ ಇದೇ ನಿಯಮ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಕಂಬಗಳೆಲ್ಲ ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಅಳತೆಗೆ ಉಪಯೋಗವಾಗಬೇಕಾದ ಚಿತ್ರದಲ್ಲಿ ಅದು ದೋಷ.

ದಾಟಬಾರದ ಹೊಸ್ತಿಲು

ಇಷ್ಟೆಲ್ಲ ಉಪಾಯ ತಿಳಿದ ಮಾತ್ರಕ್ಕೆ ಎಲ್ಲವನ್ನೂ ತೆಗೆಯಬಹುದೆಂದು ಅರ್ಥವಲ್ಲ. ಪೂಜೆ ನಡೆಯುವ ಗುಡಿಗಳಲ್ಲಿ ಮೂಲವಿಗ್ರಹದ ಫೋಟೊ ತೆಗೆಯುವುದು ಸಾಮಾನ್ಯವಾಗಿ ನಿಷಿದ್ಧ. ಮುಜರಾಯಿ ಇಲಾಖೆ 2023ರ ಜುಲೈನಲ್ಲಿ ತನ್ನ ದೇವಾಲಯಗಳೊಳಗೆ ಮೊಬೈಲ್ ಬಳಕೆಯನ್ನೇ ನಿಷೇಧಿಸುವ ಆದೇಶ ಹೊರಡಿಸಿತು. ದರ್ಶನಕ್ಕೆ ಬಂದವರು ದೇವರಿಗೆ ಬೆನ್ನು ಹಾಕಿ ತಮ್ಮ ಚಿತ್ರ ತಾವೇ ತೆಗೆದುಕೊಳ್ಳುವುದನ್ನು ಕಂಡವರಿಗೆ ಆ ಆದೇಶದ ಹಿನ್ನೆಲೆ ಅರ್ಥವಾಗುತ್ತದೆ.

ಆದರೆ ಭಕ್ತರ ಸಡಗರದ ಫೋಟೊ ಬೇರೆ, ಊರು ತನ್ನ ಆಸ್ತಿಗೆ ಮಾಡಿಟ್ಟುಕೊಳ್ಳುವ ದಾಖಲೆ ಬೇರೆ. ಜಮೀನಿಗೆ ಪಹಣಿ ಇರುವಂತೆ ಗುಡಿಗೂ ಒಂದು ದಾಖಲೆ ಇರಬೇಕು. ಅರ್ಚಕರ, ಧರ್ಮದರ್ಶಿಗಳ, ಊರ ಹಿರಿಯರ ಒಪ್ಪಿಗೆ ಪಡೆದು, ಪೂಜೆ ಇಲ್ಲದ ಹೊತ್ತಿನಲ್ಲಿ, ಮಡಿಯ ನಿಯಮ ಮೀರದೆ, ಹೊಸ್ತಿಲ ಈಚೆಯಿಂದಲೇ ಬಹಳಷ್ಟನ್ನು ತೆಗೆಯಬಹುದು. ನವರಂಗ, ಕಂಬ, ಛಾವಣಿ, ಬಾಗಿಲವಾಡ, ಶಾಸನ, ಅಂಗಳದ ನಾಗರಕಲ್ಲು, ವೀರಗಲ್ಲು ಇವಾವುದಕ್ಕೂ ಸಾಮಾನ್ಯವಾಗಿ ಅಡ್ಡಿ ಬರುವುದಿಲ್ಲ. ಉತ್ಸವಮೂರ್ತಿ ವರ್ಷಕ್ಕೊಮ್ಮೆ ತಾನಾಗಿಯೇ ಹೊರಗೆ ಬರುತ್ತದೆ. ಅಲಂಕಾರಕ್ಕೆ ಮೊದಲು ಎದುರು, ಹಿಂದು, ಎಡ, ಬಲ ಹೀಗೆ ನಾಲ್ಕು ಚಿತ್ರ ತೆಗೆಯಲು ಅರ್ಚಕರು ಒಪ್ಪಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೂವು, ಪೀತಾಂಬರ ತೊಡಿಸಿದ ಮೇಲಿನ ಚಿತ್ರ ನೋಡಲು ಚೆಂದ, ಗುರುತಿಸಲು ನಿಷ್ಪ್ರಯೋಜಕ.

ನ್ಯಾಯಕ್ಕೆ ನಿಂತ ನೆಗೆಟಿವ್

ಈ ಮಾತಿನ ತೂಕ ತಿಳಿಯಲು ತಮಿಳುನಾಡಿನ ಶ್ರೀಪುರಂದಾನ್ ಎಂಬ ಹಳ್ಳಿಯ ಕಥೆ ಕೇಳಬೇಕು. ಅಲ್ಲಿನ ಚೋಳರ ಕಾಲದ ಬೃಹದೀಶ್ವರ ಗುಡಿಯಲ್ಲಿ ಪೂಜೆ ನಿಂತು ಬಾಗಿಲಿಗೆ ಬೀಗ ಬಿದ್ದಿತ್ತು. 2006ರಲ್ಲಿ ಕಳ್ಳರು ಕಂಚಿನ ವಿಗ್ರಹಗಳನ್ನು ಹೊತ್ತೊಯ್ದರು. ಅದು ಬೆಳಕಿಗೆ ಬಂದದ್ದು 2008ರಲ್ಲಿ, ವಿಗ್ರಹಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲೆಂದು ಬಾಗಿಲು ತೆರೆದಾಗ. ಅದೇ ವರ್ಷ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಸುಮಾರು 50 ಲಕ್ಷ ಡಾಲರ್ ತೆತ್ತು ನ್ಯೂಯಾರ್ಕಿನ ವ್ಯಾಪಾರಿಯಿಂದ ಒಂದು ನಟರಾಜನನ್ನು ಕೊಂಡಿತು. ಅದು ಭಾರತದಿಂದ ದಶಕಗಳ ಹಿಂದೆಯೇ ಹೊರಹೋದದ್ದೆಂದು ತೋರಿಸುವ ಕಾಗದಗಳು ಜೊತೆಗಿದ್ದವು.

ಆ ಕಾಗದಗಳನ್ನು ಸುಳ್ಳೆಂದು ತೋರಿಸಿದ್ದು ಒಂದು ಫೋಟೊ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ 1956ರಿಂದಲೂ ದಕ್ಷಿಣ ಭಾರತದ ಹಳ್ಳಿ ಹಳ್ಳಿಗಳ ಗುಡಿಗಳನ್ನು ಚಿತ್ರಿಸಿ ನೆಗೆಟಿವ್‌ಗಳನ್ನು ಜೋಪಾನ ಮಾಡಿಕೊಂಡು ಬಂದಿದೆ. ಅದರ ಸಂಗ್ರಹದಲ್ಲಿ 1994ರಲ್ಲಿ ಶ್ರೀಪುರಂದಾನಿನ ಗುಡಿಯಲ್ಲೇ ತೆಗೆದ ಇದೇ ನಟರಾಜನ ಚಿತ್ರವಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ದೆಹಲಿಗೆ ಬಂದಾಗ ವಿಗ್ರಹವನ್ನು ಹಿಂದಿರುಗಿಸಿದರು. 1994ರಲ್ಲಿ ಆ ಹಳ್ಳಿಗೆ ಹೋಗಿ ಕ್ಯಾಮೆರಾ ಹೂಡಿದವರು ಅದನ್ನು ಮುಂದೊಂದು ದಿನ ಸಾಕ್ಷಿಯಾಗಲೆಂದು ತೆಗೆದದ್ದಲ್ಲ. ಶಿಲ್ಪದ ಅಧ್ಯಯನಕ್ಕಾಗಿ ತಮ್ಮ ಕೆಲಸ ತಾವು ಮಾಡಿದ್ದರು.

ಕರ್ನಾಟಕದಲ್ಲೂ ಇಂಥ ಪಾಠಗಳಿವೆ. ಹಂಪೆಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು ಎಂಬುದು ಇಂದು ಅದನ್ನು ನೋಡುವವರಿಗೆ ಊಹೆಗೂ ಬಾರದು. 1856ರ ಗ್ರೀನ್‌ಲಾ ಚಿತ್ರದಲ್ಲಿ ಅದು ಸ್ಪಷ್ಟವಾಗಿದೆ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಸ್ಥಳಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದಾಗ, ಒಂದೇ ಕಟ್ಟಡದಲ್ಲಿ 127 ವರ್ಷ ಮಾಡಿದ ಬದಲಾವಣೆ ಕಣ್ಣಿಗೆ ಕಟ್ಟಿತು. ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಲಕ್ಷ್ಮೀ ದೇವಾಲಯದ ಕಾಳಿಯ ವಿಗ್ರಹ 2020ರ ನವೆಂಬರಿನಲ್ಲಿ ಭಗ್ನವಾಗಿರುವುದು ಕಂಡುಬಂತು. ಒಡೆದ ತುಣುಕುಗಳನ್ನು ಮುಂದಿಟ್ಟುಕೊಂಡು ಯಾವುದು ಎಲ್ಲಿಗೆ ಸೇರಬೇಕೆಂದು ನಿರ್ಧರಿಸಲು ಹಳೆಯ ಫೋಟೊಗಳಿಗಿಂತ ಬೇರೆ ದಾರಿ ಇಲ್ಲ.

ಹೇಮಾವತಿಯ ನೊಳಂಬ ಶಿಲ್ಪಗಳು ಇಂದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ಇವೆ. ಅವು ಎಲ್ಲಿಂದ ಹೋದವೆಂಬುದಕ್ಕೆ ದಾಖಲೆ ಇದೆ, ಆದ್ದರಿಂದ ಅವು ನೊಳಂಬರದೆಂದು ನಾವು ಹೇಳಬಲ್ಲೆವು. ದಾಖಲೆ ಇಲ್ಲದೆ ಹೋದ ಕಲ್ಲು ಬರಿಯ ಕಲ್ಲಾಗುತ್ತದೆ. 1972ರ ಪ್ರಾಚ್ಯವಸ್ತು ಕಾಯಿದೆ ವಿಗ್ರಹಗಳ ನೋಂದಣಿಗೆ ಫೋಟೊ ಕೇಳುವುದು ಇದಕ್ಕಾಗಿಯೇ. ಕಳುವಾದ ಕಲಾವಸ್ತುಗಳನ್ನು ಗುರುತಿಸಲು 1997ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕ್ರಮದಲ್ಲೂ ಮೊದಲು ಕೇಳುವುದು ಫೋಟೊವನ್ನೇ.

ಡಬ್ಬಿಯಲ್ಲಿರುವ ಚರಿತ್ರೆ

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಅದು ಕತ್ತಲೆಯಲ್ಲೂ ಚಿತ್ರ ತೆಗೆಯುತ್ತದೆ, ಲೆಕ್ಕ ಬೇಡ, ಕಾಯುವುದೂ ಬೇಡ. ಅದನ್ನು ಬಳಸಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಮೊಬೈಲ್ ಕೆಟ್ಟರೆ ಚಿತ್ರವೂ ಹೋಯಿತು. ನೆಗೆಟಿವ್ ಒಂದು ವಸ್ತು. ಬೆಳಕಿಗೆ ಹಿಡಿದರೆ ಯಾವ ಯಂತ್ರದ ನೆರವೂ ಇಲ್ಲದೆ ಕಾಣುತ್ತದೆ. ಅದರಲ್ಲಿ ತಿದ್ದುಪಡಿ ಮಾಡಿದರೆ ಗುರುತು ಉಳಿಯುತ್ತದೆ. ಚೆನ್ನಾಗಿ ತೊಳೆದ ಕಪ್ಪು-ಬಿಳುಪು ನೆಗೆಟಿವ್ ತಂಪಾದ, ಒಣ ಜಾಗದಲ್ಲಿದ್ದರೆ ಒಂದು ತಲೆಮಾರನ್ನು ಸುಲಭವಾಗಿ ದಾಟುತ್ತದೆ. ಅದಕ್ಕೆ ಶತ್ರುಗಳು ಸೆಕೆ, ತೇವ ಮತ್ತು ಅಗ್ಗದ ಪ್ಲಾಸ್ಟಿಕ್ ಚೀಲ. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯತೊಡಗಿದೆ ಎಂದು ತಿಳಿದು, ಅಂಥದನ್ನು ಉಳಿದವುಗಳಿಂದ ಬೇರೆ ಮಾಡಿ ಬೇಗ ಸ್ಕ್ಯಾನ್ ಮಾಡಿಸಬೇಕು.

ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾಗಳಂಥ ಊರುಗಳ ಸ್ಟುಡಿಯೊಗಳು ಫಿಲ್ಮಿನ ಕಾಲದಲ್ಲಿ ಮದುವೆಯ ಜೊತೆಗೆ ಜಾತ್ರೆ, ರಥೋತ್ಸವ, ಜೀರ್ಣೋದ್ಧಾರ, ಕುಂಭಾಭಿಷೇಕಗಳನ್ನೂ ತೆಗೆದವು. ಆ ಚಿತ್ರಗಳ ಹಿನ್ನೆಲೆಯಲ್ಲಿ ಸುಣ್ಣ ಬಳಿಯದ ಕಂಬವಿದೆ, ಗ್ರಾನೈಟ್ ಹಾಸದ ನೆಲವಿದೆ, ಈಗ ಇಲ್ಲದ ಮಂಟಪವಿದೆ. ಸ್ಟುಡಿಯೊಗಳು ಬಾಗಿಲು ಮುಚ್ಚಿದಂತೆ ಆ ನೆಗೆಟಿವ್‌ಗಳು ಕಸದ ಪಾಲಾಗುತ್ತಿವೆ. ಮನೆಯ ಅಟ್ಟದ ಮೇಲೆ ಇಂಥ ಡಬ್ಬಿ ಇದ್ದರೆ ಎಸೆಯುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಗುಡಿಯ ಚಿತ್ರವಿದ್ದರೆ ಊರು, ದೇವರ ಹೆಸರು, ತೆಗೆದ ವರ್ಷ ಇಷ್ಟನ್ನು ಒಂದು ಕಾಗದದ ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು, ಅದರೊಳಗೆ ನೆಗೆಟಿವ್ ಇಟ್ಟರೆ ಸಾಕು. ಒಂದು ಪ್ರತಿಯನ್ನು ದೇವಾಲಯದ ಕಡತಕ್ಕೂ ಒಂದನ್ನು ಶಾಲೆಗೂ ಕೊಡಬಹುದು. ಹೆಸರಿಲ್ಲದ ಚಿತ್ರ ಸಾಕ್ಷಿ ಹೇಳಲಾರದು.

ಪಾವಗಡ ತಾಲ್ಲೂಕಿನಲ್ಲೇ ನಿಡುಗಲ್ಲಿನಂಥ ಕೋಟೆ, ಗುಡಿ, ಬಸದಿಗಳ ನೆಲೆ ಇದೆ. ಹೆಸರಿಲ್ಲದ ಸಣ್ಣ ಗುಡಿಗಳು ಹಳ್ಳಿಹಳ್ಳಿಯಲ್ಲೂ ಇವೆ. ಇವೆಲ್ಲಕ್ಕೂ ಇಲಾಖೆಯ ಕ್ಯಾಮೆರಾ ಬರಲಿ ಎಂದು ಕಾಯುತ್ತ ಕೂರುವ ಅಗತ್ಯವಿಲ್ಲ. ಒಂದು ಸ್ಟ್ಯಾಂಡು, ಒಂದು ಕನ್ನಡಿ, ಒಂದು ಬಿಳಿ ಪಂಚೆ, ಅರ್ಚಕರ ಒಪ್ಪಿಗೆ ಮತ್ತು ಒಂದು ಬೆಳಗಿನ ಬಿಡುವು ಸಾಕು. ಈ ಕೆಲಸವನ್ನು ಊರಿನ ಹುಡುಗರೇ ಮಾಡಬಹುದು.